ಬಿಟ್ಟರೂ ಬಿಡದ ಕ್ರಯಪತ್ರ

ಶ್ರೋತೃಗಳಿಗೆ ನಮಸ್ಕಾರ.

ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ತಂದೆ ತಾಯಂದಿರಲ್ಲಿ ಬಹಳ ಮಂದಿ ಫ್ಲಾರಿಡಾ ರಾಜ್ಯದ ಒರ್ಲ್ಯಾಂಡೊ ನಗರವನ್ನು ನೋಡಿ ಬಂದಿರುತ್ತಾರೆ. ಡಿಸ್ನಿಯವರ ಆಟದ ಲೋಕ ಇರುವುದು ಅದರ ಮಗ್ಗುಲಲ್ಲೇ. ಅಲ್ಲಿಯ ಹೋಟೆಲುಗಳ ಮೊಗಸಾಲೆಯಲ್ಲಿ ನಗುಮೊಗದ ಒಬ್ಬ ವ್ಯಕ್ತಿ ಕಾದಿರುತ್ತಾನೆ. ನಾಳೆ ಬೆಳಿಗ್ಗೆ 90 ನಿಮಿಷ ನಮ್ಮ ಮಾತು ಕೇಳಿ, ತಿಂಡಿ ನಮ್ಮದು, ಟಿಕೆಟಿನಲ್ಲಿ ರಿಯಾಯಿತಿಯೂ ಉಂಟು ಎನ್ನುತ್ತಾನೆ. ಆ 90 ನಿಮಿಷ ಮಧ್ಯಾಹ್ನದ ಊಟದ ಹೊತ್ತಿನವರೆಗೂ ಎಳೆಯುತ್ತದೆ. ಒಬ್ಬ ಎದ್ದು ಹೋದರೆ ಅವನ ಮೇಲಿನವನು ಬಂದು ಕೂರುತ್ತಾನೆ, ಬೆಲೆ ಇಳಿಸುತ್ತಾನೆ, ಈ ಬೆಲೆ ಇವತ್ತಿಗೆ ಮಾತ್ರ ಎನ್ನುತ್ತಾನೆ. ಕೊನೆಗೆ ಅವನು ಎಸೆಯುವ ಮಾತು ನಮ್ಮವರಿಗೆ ನೇರವಾಗಿ ನಾಟುತ್ತದೆ: ಇದು ಬಾಡಿಗೆಯಲ್ಲ, ಸ್ವಂತದ್ದು. ನಿಮ್ಮ ಹೆಸರಿಗೆ ಕ್ರಯಪತ್ರ ನೋಂದಣಿಯಾಗುತ್ತದೆ, ನಿಮ್ಮ ಕಾಲಾನಂತರ ಮಕ್ಕಳಿಗೆ ಸೇರುತ್ತದೆ.

ಅಷ್ಟೂ ನಿಜ. ಇದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಒಂದು ರೆಸಾರ್ಟಿನ ಒಂದು ಮನೆಯನ್ನು ವರ್ಷದ ವಾರಗಳ ಲೆಕ್ಕದಲ್ಲಿ ಐವತ್ತು ಚಿಲ್ಲರೆ ಜನರಿಗೆ ಮಾರುವ ವ್ಯವಹಾರ. ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ, ಭೂದಾಖಲೆಯಲ್ಲಿ ಇಂಥ ಸಂಖ್ಯೆಯ ಮನೆಯ 27ನೆಯ ವಾರ ಇಂಥವರ ಹೆಸರಿನಲ್ಲಿದೆ ಎಂದು ಬರೆದಿರುತ್ತದೆ. ಒಂದು ವರ್ಷ ಬಿಟ್ಟು ಒಂದು ವರ್ಷ ಬಳಸುವ ಹಕ್ಕನ್ನು ಮಾರುವುದೂ ಇದೆ.

ನಮ್ಮಲ್ಲಿ ನೋಂದಣಿಯಾದ ಕ್ರಯಪತ್ರಕ್ಕೆ ಇರುವ ಗೌರವ ಸಣ್ಣದಲ್ಲ. ಉಪನೋಂದಣಾಧಿಕಾರಿ ಕಚೇರಿಯ ಮುದ್ರೆ ಬಿದ್ದ ಹಾಳೆಯೆಂದರೆ ಮನೆತನಕ್ಕೆ ಧೈರ್ಯ. ಭೂಮಿಯ ಬೆಲೆ ಏರುತ್ತಲೇ ಇರುವ ಬೆಂಗಳೂರಿನಿಂದ ಹೋದವರಿಗೆ ಆಸ್ತಿಯ ಪತ್ರವೊಂದು ಹೊರೆಯಾಗಬಹುದು ಎಂಬ ಯೋಚನೆಯೇ ಹೊಳೆಯುವುದಿಲ್ಲ. ಆದರೆ ಟೈಮ್‌ಶೇರಿನ ಕ್ರಯಪತ್ರ ಕೊಡುವುದು ವರ್ಷಕ್ಕೆ ಒಂದು ವಾರದ ವಾಸ. ಕೇಳುವುದು ಪ್ರತಿ ವರ್ಷದ ನಿರ್ವಹಣಾ ಶುಲ್ಕ. ಆ ಶುಲ್ಕ ಈಗ 1,000 ಡಾಲರ್ ದಾಟುವುದು ಸಾಮಾನ್ಯ. ನೀವು ಹೋದರೂ ಹೋಗದಿದ್ದರೂ ಅದನ್ನು ಕಟ್ಟಬೇಕು. ಚಂಡಮಾರುತಕ್ಕೆ ಛಾವಣಿ ಹಾರಿದರೆ ಅದರ ದುರಸ್ತಿಗೆಂದು ವಿಶೇಷ ವಂತಿಗೆಯೂ ಬೀಳುತ್ತದೆ. ಹೊಸದಾಗಿ ಸಾವಿರಾರು ಡಾಲರಿಗೆ ಕೊಂಡದ್ದನ್ನು ಮಾರಲು ಹೋದಾಗ, ಅಂಥದೇ ವಾರಗಳು ಅಂತರ್ಜಾಲದ ಹರಾಜಿನಲ್ಲಿ 1 ಡಾಲರಿಗೆ ಇಟ್ಟರೂ ಕೇಳುವವರಿಲ್ಲದೆ ಬಿದ್ದಿರುವುದು ಕಾಣುತ್ತದೆ.

ಸಹಿ ಹಾಕಿ ಕೆಲವೇ ದಿನಗಳಾಗಿದ್ದರೆ ಬಿಡುಗಡೆ ಸುಲಭ. ಫ್ಲಾರಿಡಾ ಕಾನೂನಿನಲ್ಲಿ ಕೊಂಡವರಿಗೆ 10 ದಿನಗಳ ಕಾಲ ಒಪ್ಪಂದ ರದ್ದು ಮಾಡುವ ಹಕ್ಕಿದೆ. ಸಹಿ ಹಾಕಿದ ದಿನ, ಕೊನೆಯ ಕಾಗದಪತ್ರ ಕೈಸೇರಿದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಎಣಿಕೆ. ಕ್ಯಾಲಿಫೋರ್ನಿಯಾದಲ್ಲಿ 7 ದಿನ, ನೆವಾಡಾದಲ್ಲಿ 5 ದಿನ. ಕಾರಣ ಕೊಡಬೇಕಾಗಿಲ್ಲ. ಫೋನಿನಲ್ಲಿ ಹೇಳಿದರೆ ಸಾಲದು. ಒಪ್ಪಂದದಲ್ಲಿ ನಮೂದಿಸಿದ ವಿಳಾಸಕ್ಕೆ ಪತ್ರ ಬರೆದು, ಅಂಚೆ ಕಚೇರಿಯ ರಸೀದಿ ಸಿಗುವಂತೆ ಕಳುಹಿಸಬೇಕು. ಫ್ಲಾರಿಡಾದಲ್ಲಿ ಅಂಚೆಯ ಮುದ್ರೆ ಬಿದ್ದ ದಿನವೇ ಲೆಕ್ಕಕ್ಕೆ ಬರುತ್ತದೆ. ಮಾರಾಟಗಾರ ಕೊಟ್ಟ ದಪ್ಪ ಕಡತದಲ್ಲಿ ಈ ಹಕ್ಕಿನ ವಿವರ ಇದ್ದೇ ಇರುತ್ತದೆ. ರಜೆ ಮುಗಿದ ಮೇಲೆ ಓದೋಣ ಎಂದು ಕಡತವನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟವರ ಪಾಲಿಗೆ ಆ ದಿನಗಳು ಆಟದ ಲೋಕದಲ್ಲೇ ಕಳೆದುಹೋಗುತ್ತವೆ.

ಗಡುವು ದಾಟಿದ ಮೇಲಿನ ಕಥೆ ಬೇರೆ. ಇದು ನನಗೆ ಬೇಡ, ನೀವೇ ಇಟ್ಟುಕೊಳ್ಳಿ ಎಂದು ಪತ್ರ ಬರೆದು ಕೈತೊಳೆದುಕೊಂಡರಾಯಿತು ಎಂದು ಹಲವರು ಭಾವಿಸುತ್ತಾರೆ. ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದಕ್ಕೆ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಮೊಕದ್ದಮೆ ಕೇಳುವಂತಿದೆ. ಅದು ಟೈಮ್‌ಶೇರಿನದಲ್ಲ, ಒಂದು ಖಾಲಿ ನಿವೇಶನದ್ದು. ತತ್ವ ಮಾತ್ರ ಇದೇ. ಪೊಕೊನೊ ಬೆಟ್ಟಗಳ ಸೀಮೆಯ ಒಂದು ಬಡಾವಣೆಯಲ್ಲಿ ದಂಪತಿ 1969ರಲ್ಲಿ ನಿವೇಶನ ಕೊಂಡಿದ್ದರು. ಮಾರಲು ಹೊರಟಾಗ, ಆ ನೆಲದಲ್ಲಿ ಕೊಳಚೆ ನೀರಿನ ವ್ಯವಸ್ಥೆ ಮಾಡಲು ಬರುವುದಿಲ್ಲ ಎಂದು ಗೊತ್ತಾಗಿ ವ್ಯಾಪಾರ ಮುರಿಯಿತು. ಬಡಾವಣೆಯ ಸಂಘಕ್ಕೆ ಉಚಿತವಾಗಿ ಕೊಡುತ್ತೇವೆ ಎಂದರು. ಸಂಘ ಒಲ್ಲೆ ಎಂದಿತು. ತೆರಿಗೆ ಕಟ್ಟುವುದನ್ನು ನಿಲ್ಲಿಸಿದರು. ಸರ್ಕಾರ ಹರಾಜಿಗಿಟ್ಟರೆ ಕೊಳ್ಳುವವರು ಬರಲಿಲ್ಲ. ಕೊನೆಗೆ ಈ ಆಸ್ತಿಯನ್ನು ನಾವು ತ್ಯಜಿಸಿದ್ದೇವೆ ಎಂದು ನೋಟರಿಯ ಮುಂದೆ ಸಹಿ ಮಾಡಿ ಸಂಬಂಧಪಟ್ಟವರಿಗೆಲ್ಲ ಅಂಚೆಯಲ್ಲಿ ಕಳುಹಿಸಿದರು. ಆ ನಿವೇಶನದ ಹೆಸರಿನಲ್ಲಿ ಬರುವ ಟಪಾಲನ್ನೂ ಮುಟ್ಟದಾದರು. ಸಂಘ ಬಾಕಿ ಶುಲ್ಕಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇಷ್ಟು: ಕ್ರಯಪತ್ರ ನಿಮ್ಮ ಹೆಸರಿನಲ್ಲಿ ನೋಂದಣಿಯಾಗಿದೆ, ಒಡೆತನ ಪರಿಪೂರ್ಣವಾಗಿದೆ. ಅಂಥ ಒಡೆತನವನ್ನು ತ್ಯಜಿಸಲು ಬರುವುದಿಲ್ಲ. ಶುಲ್ಕ ಕಟ್ಟಿ.

ಸರ್ವಸಂಗ ಪರಿತ್ಯಾಗಕ್ಕೆ ಅಡ್ಡಿಯಿಲ್ಲದ ನಾಡಿನಿಂದ ಹೋದವರಿಗೆ ಇದು ವಿಚಿತ್ರವಾಗಿ ಕೇಳಿಸಬಹುದು. ನೆಲಕ್ಕೆ ಯಾರಾದರೂ ಒಬ್ಬ ಒಡೆಯ ಇರಲೇಬೇಕು ಎಂಬುದು ಆ ಕಾನೂನಿನ ಹಟ. ಆದ್ದರಿಂದ ಹೊರಬರುವ ದಾರಿ ಒಂದೇ: ಕ್ರಯಪತ್ರ ಇನ್ನೊಬ್ಬರ ಹೆಸರಿಗೆ ಹೋಗಬೇಕು, ಆ ಇನ್ನೊಬ್ಬರು ಅದನ್ನು ಒಪ್ಪಿಕೊಂಡಿರಬೇಕು. ಈ ಒಪ್ಪಿಗೆ ಮುಖ್ಯ. ರೆಸಾರ್ಟಿಗೆ ತಿಳಿಸದೆ ಅವರ ಹೆಸರಿಗೇ ಹಕ್ಕು ಬಿಡುಗಡೆ ಪತ್ರ, ಅಲ್ಲಿಯವರು ಕ್ವಿಟ್‌ಕ್ಲೇಮ್ ಡೀಡ್ ಎನ್ನುವ ಪತ್ರ, ಬರೆದು ನೋಂದಾಯಿಸಿ ಬೀಗುವವರಿದ್ದಾರೆ. ಪಡೆಯುವವರು ಸ್ವೀಕರಿಸದ ಪತ್ರಕ್ಕೆ ಬಲವಿಲ್ಲ. ಮರುವರ್ಷ ಬಿಲ್ಲು ಹಳೆಯ ವಿಳಾಸಕ್ಕೇ ಬರುತ್ತದೆ.

ಹಾಗಾದರೆ ಮೊದಲು ಕೇಳಬೇಕಾದದ್ದು ರೆಸಾರ್ಟಿನವರನ್ನೇ. ವಾರವನ್ನು ಕೊಳ್ಳಲು ಮಾಡಿದ ಸಾಲ ಪೂರ್ತಿ ತೀರಿದ್ದು, ಆ ವರ್ಷದ ಶುಲ್ಕ ಬಾಕಿಯಿಲ್ಲದಿದ್ದರೆ, ದೊಡ್ಡ ಕಂಪನಿಗಳಲ್ಲಿ ಹಲವು ಈಗ ವಾರಗಳನ್ನು ಹಿಂದಕ್ಕೆ ಪಡೆಯುತ್ತವೆ. ಹಣ ವಾಪಸ್ ಬರುವುದಿಲ್ಲ. ಹೆಸರು ದಾಖಲೆಯಿಂದ ಹೋಗುತ್ತದೆ, ಅಷ್ಟೇ. ಸಾಲ ಉಳಿದಿದ್ದರೆ ಅದನ್ನು ತೀರಿಸುವವರೆಗೆ ಯಾರೂ ಮುಟ್ಟುವುದಿಲ್ಲ. ರೆಸಾರ್ಟ್ ಒಲ್ಲೆ ಎಂದರೆ, ನಿಜವಾಗಿಯೂ ಆ ವಾರ ಬೇಕೆನ್ನುವ ಒಬ್ಬರನ್ನು ಹುಡುಕಿ ಉಚಿತವಾಗಿ ಕೊಡುವುದು ಎರಡನೆಯ ದಾರಿ. ಫ್ಲಾರಿಡಾದಲ್ಲಿ ಪತ್ರ ನೋಂದಾಯಿಸಲು ಮೊದಲ ಪುಟಕ್ಕೆ 10 ಡಾಲರ್, ನಂತರದ ಪ್ರತಿ ಪುಟಕ್ಕೆ 8 ಡಾಲರ್ 50 ಸೆಂಟ್. ಮೇಲೆ ಒಂದಿಷ್ಟು ಮುದ್ರಾಂಕ ಶುಲ್ಕ, ರೆಸಾರ್ಟಿನ ವರ್ಗಾವಣೆ ಶುಲ್ಕ, ಪತ್ರ ಬರೆಯುವವರ ಕೂಲಿ. ಈ ಅಂಕಿಗಳನ್ನು ಹೇಳುವುದಕ್ಕೆ ಕಾರಣವಿದೆ. ಇದೇ ಕೆಲಸ ಮಾಡಿಕೊಡುತ್ತೇವೆ ಎಂದು ಜಾಹೀರಾತು ಹಾಕುವ ಕಂಪನಿಗಳು ಸಾವಿರಾರು ಡಾಲರನ್ನು ಮುಂಗಡವಾಗಿ ಕೇಳುತ್ತವೆ. 2022ರ ನವೆಂಬರಿನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ವಿಸ್ಕಾನ್ಸಿನ್ ರಾಜ್ಯ ಸೇರಿ ಮಿಸೂರಿಯ ಇಂಥ ಒಂದು ಗುಂಪಿನ ಮೇಲೆ ಮೊಕದ್ದಮೆ ಹೂಡಿದವು. ಆ ಗುಂಪು ಜನರಿಂದ, ಅದರಲ್ಲೂ ಹೆಚ್ಚಾಗಿ ವಯಸ್ಸಾದವರಿಂದ, 9 ಕೋಟಿ ಡಾಲರಿಗೂ ಮೀರಿ ಕಿತ್ತುಕೊಂಡಿದೆ ಎಂಬುದು ಆರೋಪ.

ಇನ್ನೊಂದು ಬಗೆಯ ಮೋಸ ಫೋನಿನಲ್ಲಿ ಬರುತ್ತದೆ. ನಿಮ್ಮ ವಾರಕ್ಕೆ ಮೆಕ್ಸಿಕೊದಲ್ಲಿ ಗಿರಾಕಿ ಸಿದ್ಧನಿದ್ದಾನೆ, ತೆರಿಗೆಯ ಹಣ ಮೊದಲು ಕಳುಹಿಸಿ ಎಂಬ ಕರೆ. 2024ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳು ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಮೆಕ್ಸಿಕೊದ ಟೈಮ್‌ಶೇರ್ ವಂಚನೆಗಳಲ್ಲಿ 2019ರಿಂದ 2023ರವರೆಗೆ ಸುಮಾರು 6,000 ಅಮೆರಿಕನ್ನರು ಕಳೆದುಕೊಂಡಿರುವುದಾಗಿ ದೂರಿದ ಮೊತ್ತ ಹತ್ತಿರಹತ್ತಿರ 30 ಕೋಟಿ ಡಾಲರ್. ಇದರ ಹಿಂದೆ ಅಲ್ಲಿಯ ಮಾದಕ ವಸ್ತು ಸಾಗಣೆಯ ದಂಡುಗಳ ಕೈಯಿದೆ.

ಕಟ್ಟುವುದನ್ನೇ ನಿಲ್ಲಿಸಿಬಿಟ್ಟರೆ? ಬಡ್ಡಿ, ವಸೂಲಿಯವರ ಕರೆಗಳು, ಕೊನೆಗೆ ಜಪ್ತಿ. ಹೆಸರು ಕಳಚುತ್ತದೆ ನಿಜ. ಆದರೆ ಅಲ್ಲಿಯೇ ಬಾಳುವವರಿಗೆ ಸಾಲದ ಅರ್ಹತೆಯ ದಾಖಲೆ ವರ್ಷಗಟ್ಟಲೆ ಕೆಡುತ್ತದೆ; ಮನ್ನಾ ಆದ ಸಾಲವನ್ನು ಆದಾಯವೆಂದು ಲೆಕ್ಕ ಹಿಡಿದು ತೆರಿಗೆ ಕೇಳುವ ಸಾಧ್ಯತೆಯೂ ಇದೆ. ಬೇರೆ ದಾರಿಯಿರುವಾಗ ಇದನ್ನು ನಾನು ಯಾರಿಗೂ ಹೇಳಲಾರೆ.

ಅಮೆರಿಕ ಬಿಟ್ಟು ಊರಿಗೆ ಮರಳಿದವರಿಗೆ ಒಂದು ಮಾತು. ವರ್ಗಾವಣೆಯ ಪತ್ರಕ್ಕೆ ನೋಟರಿಯ ಮುಂದೆ ಸಹಿ ಹಾಕಬೇಕು. ಕರ್ನಾಟಕದಲ್ಲಿ ಇರುವವರು ಚೆನ್ನೈನಲ್ಲಿರುವ ಅಮೆರಿಕದ ಕಾನ್ಸುಲೇಟಿನಲ್ಲಿ ಸಮಯ ಗೊತ್ತುಮಾಡಿಕೊಂಡು ಹೋದರೆ ಒಂದು ಮುದ್ರೆಗೆ 50 ಡಾಲರಿನಂತೆ ಕಟ್ಟಿ ಸಹಿ ಮಾಡಬಹುದು. ಗಂಡ ಹೆಂಡತಿ ಇಬ್ಬರ ಹೆಸರೂ ಪತ್ರದಲ್ಲಿದ್ದರೆ ಇಬ್ಬರೂ ಹೋಗಬೇಕು. ನೋಂದಣಿ ಆದ ಮೇಲೆ ಕೌಂಟಿಯ ದಾಖಲೆಯನ್ನು ಅಂತರ್ಜಾಲದಲ್ಲಿ ತೆರೆದು, ನಮ್ಮಲ್ಲಿ ಋಣಭಾರ ಪತ್ರ ತೆಗೆಸಿ ನೋಡುವ ಹಾಗೆ, ಹೆಸರು ಬದಲಾಗಿದೆಯೇ ಎಂದು ಕಣ್ಣಾರೆ ನೋಡಿ. ರೆಸಾರ್ಟಿನ ಪುಸ್ತಕದಲ್ಲೂ ಬದಲಾಯಿತು ಎಂಬ ಪತ್ರ ತರಿಸಿಕೊಳ್ಳಿ. ಈ ಎರಡೂ ಆಗುವವರೆಗೆ ಯಾರ ಬಾಯಿಮಾತನ್ನೂ ಬಿಡುಗಡೆಯೆಂದು ತಿಳಿಯಬೇಡಿ.

ಭಾರತದಲ್ಲಿ ಇದೇ ರೀತಿ ಮಾರುವ ರಜಾ ಸದಸ್ಯತ್ವಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಕ್ರಯಪತ್ರ ಇರುವುದಿಲ್ಲ, ಗೊತ್ತಾದ ಅವಧಿಯ ಬಳಕೆಯ ಹಕ್ಕು ಮಾತ್ರ. ಕೊಟ್ಟ ಭರವಸೆ ನಡೆಯದಿದ್ದರೆ ಅದು ಸೇವಾಲೋಪ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, 2 ವರ್ಷದೊಳಗೆ, ದೂರು ಕೊಡಬಹುದು. ಸಹಾಯವಾಣಿಯ ಸಂಖ್ಯೆ 1915.

ಅಮೆರಿಕದ ಕ್ರಯಪತ್ರದ ಅತ್ಯಂತ ಬಿಗಿಯಾದ ಗಂಟು ಇರುವುದು ಆ ಮಾರಾಟಗಾರ ಹೆಮ್ಮೆಯಿಂದ ಹೇಳುವ ವಾರಸುದಾರಿಕೆಯಲ್ಲಿ. ಸ್ಪೇನ್ ದೇಶ 1998ರಲ್ಲಿ ಇಂಥ ಹಕ್ಕುಗಳಿಗೆ 50 ವರ್ಷದ ಮಿತಿ ಹಾಕಿತು. ಆ ಕಾನೂನಿನ ನಂತರ ಮಾಡಿದ ಕೊನೆಯಿಲ್ಲದ ಒಪ್ಪಂದ ಅಸಿಂಧು ಎಂದು 2015ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಮೆರಿಕದಲ್ಲಿ ಹಾಗಿಲ್ಲ. ಆದರೆ ತಂದೆ ತಾಯಿ ತೀರಿಕೊಂಡಾಗ ಮಕ್ಕಳು ಈ ಪಾಲು ನಮಗೆ ಬೇಡ ಎನ್ನಬಹುದು. ಬರವಣಿಗೆಯಲ್ಲಿ ನಿರಾಕರಿಸಬೇಕು, ಫೆಡರಲ್ ತೆರಿಗೆ ಕಾನೂನಿನ ಗಡುವು 9 ತಿಂಗಳು. ಆಸ್ತಿಯಿರುವ ರಾಜ್ಯದ ಕ್ರಮವನ್ನು ಅಲ್ಲಿಯ ವಕೀಲರಿಂದ ಕೇಳಿ ತಿಳಿಯಬೇಕು. ಈ ನಡುವೆ, ಹೇಗಿದ್ದರೂ ಈ ವರ್ಷದ ಶುಲ್ಕ ಕಟ್ಟಿಯಾಗಿದೆ, ಒಂದು ವಾರ ಹೋಗಿ ಬರೋಣ ಎಂದು ಮಕ್ಕಳು ಆ ಮನೆಯಲ್ಲಿ ತಂಗಿದರೆ, ಅಲ್ಲಿಗೆ ಪಾಲನ್ನು ಒಪ್ಪಿಕೊಂಡಂತೆ. ಬದುಕಿರುವಾಗಲೇ ಪ್ರೀತಿಯಿಂದ ಮಕ್ಕಳ ಹೆಸರನ್ನು ಕ್ರಯಪತ್ರಕ್ಕೆ ಸೇರಿಸಿದ್ದರೆ ಅವರು ವಾರಸುದಾರರಲ್ಲ, ಒಡೆಯರು. ನಿರಾಕರಿಸುವ ದಾರಿಯೇ ಮುಚ್ಚಿತು. ಮಗ ಬೇಡವೆಂದ ಪಾಲು ಅಲ್ಲಿಗೇ ನಿಲ್ಲುವುದೂ ಇಲ್ಲ. ಉಯಿಲಿನಲ್ಲಿ ಬೇರೆ ಏನೂ ಬರೆದಿಲ್ಲವಾದರೆ, ಕಾನೂನು ಅವನು ಮೊದಲೇ ತೀರಿಹೋದನೆಂದು ಭಾವಿಸಿ ಪಾಲನ್ನು ಸಾಮಾನ್ಯವಾಗಿ ಅವನ ಮಕ್ಕಳತ್ತ ದಾಟಿಸುತ್ತದೆ. ಹಾಗಾಗಿ ಮೊಮ್ಮಕ್ಕಳ ಪರವಾಗಿಯೂ ನಿರಾಕರಣೆ ಬರೆಯಬೇಕಾಗುತ್ತದೆ. ಅವರು ಅಪ್ರಾಪ್ತ ವಯಸ್ಕರಾಗಿದ್ದರೆ ಅದಕ್ಕೆ ನ್ಯಾಯಾಲಯದ ಅನುಮತಿ ಬೇಕಾಗಬಹುದು.

ನಮಸ್ಕಾರ.