ಗುಣವಾದ ಮೇಲೂ ಏಳಲಾಗದ ಕಾಲುಗಳು

ಕೇಳುಗರಿಗೆ ನಮಸ್ಕಾರ.

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ನೋಡಿ ಬೆಳೆದವರಿಗೆ ತೋಳು ತೊಡೆಗಳ ಬಲ ಎಂಥದೆಂದು ವಿವರಿಸಬೇಕಾಗಿಲ್ಲ. ಆದರೆ ಸ್ನಾಯುಗಳ ಕೆಲಸ ಭಾರ ಎತ್ತುವುದಷ್ಟೇ ಅಲ್ಲ; ಬರಗಾಲದಲ್ಲಿ ಹಗೇವಿನ ಜೋಳ ತೆಗೆದು ಉಣ್ಣುವಂತೆ, ಭಾರಿ ಕಾಯಿಲೆ ಬಿದ್ದಾಗ ದೇಹವು ಸ್ನಾಯುವಿನ ಪ್ರೋಟೀನನ್ನು ಒಡೆದು, ಅದರಿಂದ ಬಂದ ಅಮೈನೊ ಆಮ್ಲಗಳನ್ನು ಉಳಿದ ಅಂಗಗಳಿಗೆ ಒದಗಿಸುತ್ತದೆ. ಮುಪ್ಪಿನಲ್ಲಿ ಈ ದಾಸ್ತಾನು ಹೇಗೆ ಕುಗ್ಗುತ್ತದೆ, ಐಸಿಯುದಲ್ಲಿ ಮಲಗಿದವರಲ್ಲಿ ಅಷ್ಟು ಬೇಗ ಏಕೆ ಕರಗುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ.

ವಯಸ್ಸಾದಂತೆ ಸ್ನಾಯು ಸವೆಯುವ ಸ್ಥಿತಿಗೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಅವರು 1989ರಲ್ಲಿ ಸಾರ್ಕೋಪೀನಿಯಾ ಎಂದು ಹೆಸರಿಟ್ಟರು. ಸ್ನಾಯುವಿನ ಗಾತ್ರಕ್ಕಿಂತ ಅದರ ಬಲ ಬೇಗ ಇಳಿಯುತ್ತದೆ. ಥಟ್ಟನೆ ಏಳಲು, ಎಡವಿದಾಗ ಸಾವರಿಸಿಕೊಳ್ಳಲು ಬೇಕಾದ ಚುರುಕು ಎಳೆಗಳೇ ಹೆಚ್ಚು ಸೊರಗುತ್ತವೆ. ಏಷ್ಯಾದ ತಜ್ಞರು 2019ರಲ್ಲಿ ಒಪ್ಪಿದ ಅಳತೆಯಂತೆ, ಕೈಹಿಡಿತದ ಬಲ ಗಂಡಸರಲ್ಲಿ 28 ಕಿಲೋಕ್ಕಿಂತ, ಹೆಂಗಸರಲ್ಲಿ 18 ಕಿಲೋಕ್ಕಿಂತ ಕಡಿಮೆ ಇದ್ದರೆ, ಅಥವಾ ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಐದು ಸಲ ಎದ್ದು ಕೂಡಲು 12 ಸೆಕೆಂಡು ಇಲ್ಲವೆ ಅದಕ್ಕೂ ಹೆಚ್ಚು ಹಿಡಿದರೆ, ಸ್ನಾಯು ದುರ್ಬಲವಾಗಿದೆಯೆಂದು ಅನುಮಾನಿಸಬೇಕು.

ಹೀಗೆ ವರ್ಷಗಳಲ್ಲಿ ಆಗುವ ನಷ್ಟ ಐಸಿಯುದಲ್ಲಿ ದಿನಗಳಲ್ಲಿ ಆಗಿಬಿಡುತ್ತದೆ. ಇದನ್ನು ನೋಡುವ ವಿಧಾನ ಸರಳ: ರೋಗಿಯ ತೊಡೆಯ ಮುಂಭಾಗಕ್ಕೆ ಜೆಲ್ ಹಚ್ಚಿ, ಅಲ್ಟ್ರಾಸೌಂಡ್ ಉಪಕರಣವನ್ನು ಒತ್ತದೆ ಮೆಲ್ಲಗೆ ಇಟ್ಟು, ಪರದೆಯ ಮೇಲೆ ಮೂಡುವ ಸ್ನಾಯುವಿನ ಅಂಚನ್ನು ಗುರುತಿಸಿ, ಕೆಲವು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯುವುದು. ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೊಡೆಯ ಆ ಸ್ನಾಯು ಹತ್ತು ದಿನಗಳಲ್ಲಿ ಸರಾಸರಿ ಶೇ. 18ರಷ್ಟು ಕುಗ್ಗಿತ್ತು, ಹಲವು ಅಂಗಗಳು ಒಟ್ಟಿಗೆ ಕೈಕೊಟ್ಟವರಲ್ಲಿ ಇನ್ನೂ ಹೆಚ್ಚು. ಉರಿಯೂತ ಮತ್ತು ನಿಶ್ಚಲತೆ ಸೇರಿ ಪ್ರೋಟೀನ್ ಒಡೆಯುವ ವ್ಯವಸ್ಥೆಯನ್ನು ಚುರುಕುಗೊಳಿಸುತ್ತವೆ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ವೆಂಟಿಲೇಟರ್ ಉಸಿರಾಡಿಸುತ್ತಿರುವಾಗ ಕೆಲಸವಿಲ್ಲದ ವಪೆಯ, ಅಂದರೆ ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಿನ, ಎಳೆಗಳು ಕೂಡ ಮೂರು ದಿನದೊಳಗೇ ಸಣಕಲಾಗಬಲ್ಲವೆಂದು 2008ರಲ್ಲಿ ತಿಳಿದುಬಂತು.

"ಅಪ್ಪಾರು ಗುಣ ಆಗ್ಯಾರ್ರೀ, ಆದ್ರ ಎದ್ದು ನಿಲ್ಲಾಕ ಆಗವಲ್ದು" ಎಂದು ಮನೆಯವರು ಹೇಳುವುದರ ಹಿಂದೆ ಇರುವುದು ಇದೇ. ಸ್ನಾಯುವಿನ ಅಂಚಿನಲ್ಲಿ ಉಪಗ್ರಹ ಕೋಶಗಳೆಂಬ ದುರಸ್ತಿಯ ಕೋಶಗಳಿವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಅವರು ಅವನ್ನು ಗುರುತಿಸಿದರು. ಕೆನಡಾದಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಐಸಿಯು ಬಿಟ್ಟು ಆರು ತಿಂಗಳಾಗಿ ಉರಿಯೂತ ತಣ್ಣಗಾಗಿದ್ದರೂ, ಸ್ನಾಯು ಮರಳಿ ತುಂಬದವರಲ್ಲಿ ಈ ಕೋಶಗಳು ಕಡಿಮೆಯಾಗಿದ್ದವು. ಮುಪ್ಪಿನಲ್ಲಿಯೂ ಕಡಿಮೆಯಾಗುವುದು ಇವೇ. ಆದ್ದರಿಂದ ಎಪ್ಪತ್ತರ ರೈತರಿಗೆ ನಂಜು ಏರಿದಾಗ ಎರಡು ನಷ್ಟಗಳು ಒಂದೇ ಕಡೆ ಬಂದು ಸೇರುತ್ತವೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಇರುವುದು ಅಲ್ಲಿಯೇ.

ಚಿಕಿತ್ಸೆಯ ವಿಷಯದಲ್ಲಿ ಆತುರ ಸಲ್ಲದು. 2009ರ ಅಮೆರಿಕದ ಪ್ರಯೋಗದಲ್ಲಿ, ವೆಂಟಿಲೇಟರ್ ಮೇಲಿದ್ದಾಗಲೇ ಮಂಪರಿನ ಔಷಧವನ್ನು ದಿನಕ್ಕೊಮ್ಮೆ ತಡೆದು ವ್ಯಾಯಾಮ ಮಾಡಿಸಿದವರಲ್ಲಿ ಶೇ. 59 ಮಂದಿ, ಉಳಿದವರಲ್ಲಿ ಶೇ. 35 ಮಂದಿ ಸ್ವಂತವಾಗಿ ತಮ್ಮ ಕೆಲಸ ಮಾಡಿಕೊಳ್ಳುವ ಸ್ಥಿತಿಯಲ್ಲಿ ಆಸ್ಪತ್ರೆ ಬಿಟ್ಟರು. ಆದರೆ 2022ರ ದೊಡ್ಡ ಪ್ರಯೋಗವೊಂದರಲ್ಲಿ, ರೂಢಿಯ ಆರೈಕೆಗಿಂತ ಇನ್ನೂ ಹೆಚ್ಚು ಓಡಾಡಿಸಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ, ತೊಂದರೆಗಳು ಮಾತ್ರ ಹೆಚ್ಚಿದವು. ಹೀಗಾಗಿ ರೋಗಿಯನ್ನು ಹಾಸಿಗೆಯ ಅಂಚಿಗೆ ಯಾವಾಗ ಕೂಡಿಸಬಹುದೆಂದು ಮನೆಯವರು ಕೇಳಬೇಕು, ತಾವಾಗಿ ಎಬ್ಬಿಸಬಾರದು.

ಮನೆಗೆ ಬಂದ ಮೇಲಿನ ತಿಂಗಳುಗಳನ್ನು ಮಾತ್ರ ವ್ಯರ್ಥ ಮಾಡಬಾರದು. ತೊಂಬತ್ತರ ಆಸುಪಾಸಿನ ವೃದ್ಧರು ಎಂಟು ವಾರ ಭಾರದ ವ್ಯಾಯಾಮ ಮಾಡಿದಾಗ ಅವರ ತೊಡೆಯ ಬಲ ಇಮ್ಮಡಿಗೂ ಮೀರಿ ಏರಿತೆಂದು 1990ರಲ್ಲೇ ವರದಿಯಾಗಿದೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮದ ಜೊತೆಗೆ ರೊಟ್ಟಿಗೆ ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಮೊಸರು, ತಿನ್ನುವವರಿಗೆ ತತ್ತಿ ಇರಲಿ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಬೇಕು. ಕುರ್ಚಿಯಿಂದ ಐದು ಸಲ ಏಳಲು ಹಿಡಿದ ಸಮಯವನ್ನು ವಾರಕ್ಕೊಮ್ಮೆ ಬರೆದಿಟ್ಟು, ಮುಂದಿನ ತಪಾಸಣೆಗೆ ಆ ಚೀಟಿಯನ್ನೂ ತನ್ನಿ. ನಮಸ್ಕಾರ.