ರೋಗಿಯ ದಾರಿಯನ್ನು ಮೊದಲು ನಡೆದು ನೋಡಿ

ಕೇಳುಗರಿಗೆ ನಮಸ್ಕಾರ.

ಅಡಿಕೆ ಸುಲಿಯುತ್ತ ಕುಳಿತವರು, ಬಲೆ ಸರಿಪಡಿಸುತ್ತಿರುವವರು, ಮನೆಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವ ಹಿರಿಯರಿರುವವರು, ನಿಮ್ಮನ್ನೇ ಕಣ್ಣ ಮುಂದೆ ಇಟ್ಟುಕೊಂಡು ಮಾತನಾಡುತ್ತೇನೆ. ಇವತ್ತಿನ ವಿಷಯ ಡಿಜಿಟಲ್ ಆರೋಗ್ಯ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಯಂತ್ರ ತರುವ ಮೊದಲು ರೋಗಿಯ ದಾರಿಯನ್ನು ನಡೆದು ನೋಡಬೇಕು.

ವೈದ್ಯರೊಂದಿಗೆ ದೂರದಿಂದಲೇ ಮಾತನಾಡುವ ಇ-ಸಂಜೀವನಿ 2019ರಲ್ಲಿ ಶುರುವಾಯಿತು. ರೋಗಿಗಳ ಆರೋಗ್ಯ ದಾಖಲೆಗಳನ್ನು ಡಿಜಿಟಲ್ ಆಗಿ ಜೋಡಿಸುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಲ್ಲಿ ದೇಶಕ್ಕೆಲ್ಲ ಬಂತು. ನಿಮ್ಮಲ್ಲಿ ಅನೇಕರ ಬಳಿ ಆ ದಾಖಲೆಗಳನ್ನು ತೆರೆಯುವ 14 ಅಂಕಿಗಳ ಗುರುತು, ಆಭಾ ಸಂಖ್ಯೆ, ಇದೆ. ಇವೆಲ್ಲ ಬೇಕಾದ ವ್ಯವಸ್ಥೆಗಳೇ. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಚದರ ಕಿಲೋಮೀಟರಿಗೆ 319 ಜನ, ನಮ್ಮ ಉತ್ತರ ಕನ್ನಡದಲ್ಲಿ ಬರೀ 140. ಮನೆಯಿಂದ ಮನೆಗೆ ಒಂದು ಗುಡ್ಡ, ಒಂದು ಹಳ್ಳ. ಇಂಥ ಕಡೆ ವೈದ್ಯರ ಸಲಹೆ ಮೊಬೈಲಿನಲ್ಲಿ ಸಿಗುವುದು ದೊಡ್ಡ ಉಪಕಾರ. ಆದರೆ ಮೊಬೈಲಿನಿಂದ ಮಾತ್ರೆಯವರೆಗೆ ಇರುವ ದಾರಿಯನ್ನು ಯಾರು ನೋಡುತ್ತಾರೆ?

ಒಂದು ಘಟನೆ ಹೇಳುತ್ತೇನೆ. ಶಿರಸಿ ತಾಲ್ಲೂಕಿನಲ್ಲಿ, ಘಟ್ಟದ ಅಂಚಿನ ಒಂದು ಮಜರೆ. ಬಿಪಿ ಇರುವವರ ವಿವರವನ್ನು ಟ್ಯಾಬ್‌ನಲ್ಲಿ ದಾಖಲಿಸುವ ವ್ಯವಸ್ಥೆ ಅಲ್ಲಿಗೆ ಬಂದಿತ್ತು. ಮಾತ್ರೆಗೆ ತಿಂಗಳಿಗೊಮ್ಮೆ ಬಾರದವರ ಹೆಸರು ಕೆಂಪಾಗುತ್ತದೆ. ಮಳೆಗಾಲದಲ್ಲಿ ಆ ಮಜರೆಯ ಬಹುತೇಕ ಹೆಸರುಗಳು ಕೆಂಪಾದವು. ‘ಚಿಕಿತ್ಸೆ ಬಿಟ್ಟವರು’ ಎಂದು ಪಟ್ಟಿ ಬಂತು. ಜನರಿಗೆ ತಿಳಿವಳಿಕೆ ಸಾಲದು, ಇನ್ನೊಂದು ಶಿಬಿರ ಮಾಡೋಣ ಎಂಬ ಮಾತೂ ಬಂತು. ಇದನ್ನು ಕೇಳಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಹೋಗಿ ನೋಡದೆ ಜನರಿಗೆ ತಿಳಿವಳಿಕೆ ಇಲ್ಲ ಎನ್ನುವುದು ಯಾವ ಶಾಸ್ತ್ರ?

ನಾವು ಹೋದೆವು. ತಂಡದಲ್ಲಿ ಸಾಫ್ಟ್‌ವೇರ್ ಬಲ್ಲ ಒಬ್ಬ ಎಂಜಿನಿಯರ್, ಮಾನವಶಾಸ್ತ್ರ ಓದುತ್ತಿದ್ದ ಒಬ್ಬ ಹುಡುಗಿ, ಜೊತೆಗೆ ಅಲ್ಲಿಯ ಆಶಾ ಕಾರ್ಯಕರ್ತೆ. ಪುಷ್ಯ ಮಳೆ ಹೊಯ್ಯುತ್ತಿತ್ತು. ಊರಿನ ಮುಂದಿನ ಹಳ್ಳಕ್ಕೆ ಹಾಕಿದ್ದ ಸಂಕ, ಅಂದರೆ ಕಾಲುಸೇತುವೆ, ತೇಲಿಹೋಗಿತ್ತು. ಸುತ್ತು ಬಳಸಿ, ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆಯುತ್ತ ಒಬ್ಬ ಅಜ್ಜಿಯ ಮನೆ ತಲುಪಿದೆವು. ಪಟ್ಟಿಯಲ್ಲಿ ಈ ಅಜ್ಜಿಯ ಹೆಸರು ಕಡುಗೆಂಪು.

ಬಿಪಿ ನೋಡಿದರೆ 170ಕ್ಕೆ 100. ‘ಮಾತ್ರೆ ಬಿಟ್ಟಿರಾ?’ ಎಂದು ನಾನು ಕೇಳಿದೆ. ‘ಇಲ್ಲ’ ಎಂದರು, ಅಷ್ಟೇ. ನಮ್ಮ ಹುಡುಗಿ ಒಲೆಯ ಬದಿಯಲ್ಲಿ ಕುಳಿತು ಅದೂ ಇದೂ ಮಾತನಾಡುತ್ತ ಮತ್ತೆ ಕೇಳಿದಳು. ಅಜ್ಜಿ ಎದ್ದು ಹೋಗಿ, ತೇವ ತಾಗದಿರಲೆಂದು ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲ ಇಳಿಸಿದರು. ಒಳಗೆ ಬಾಳೆನಾರಿನಲ್ಲಿ ಕಟ್ಟಿಟ್ಟ ಖಾಲಿ ಮಾತ್ರೆಪಟ್ಟಿಗಳು. ಒಂದನ್ನೂ ಎಸೆದಿರಲಿಲ್ಲ. ಕೊನೆಯ ಪಟ್ಟಿಯಲ್ಲಿ ಇನ್ನೂ ಕೆಲವು ಮಾತ್ರೆ ಉಳಿದಿದ್ದವು. ‘ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತೇನೆ. ಸಂಕ ಹಾಕುವವರೆಗೆ ಬರಬೇಕಲ್ಲ, ತಂಗಿ’ ಎಂದರು.

ಕೇಳಿದಿರಾ? ಚಿಕಿತ್ಸೆ ಬಿಟ್ಟವರಲ್ಲ, ಚಿಕಿತ್ಸೆ ಉಳಿಸಿಕೊಂಡವರು. ಅದು ಟ್ಯಾಬ್‌ನಲ್ಲಿ ಕಾಣಲಿಲ್ಲ, ವೈದ್ಯನಾದ ನನ್ನ ಪ್ರಶ್ನೆಗೂ ಸಿಗಲಿಲ್ಲ. ಒಲೆಯ ಬದಿಯಲ್ಲಿ ಕೂರಲು ಬಲ್ಲ ಹುಡುಗಿಗೆ ಸಿಕ್ಕಿತು.

ಮುಂದಿನದು ಎಲ್ಲರೂ ಸೇರಿ ಮಾಡಿದ ಕೆಲಸ. ದಾರಿ ತೋರಿಸಿದವರು ಆಶಾ ಕಾರ್ಯಕರ್ತೆ: ಮೃಗಶಿರಾ ಮಳೆ ಹಿಡಿಯುವ ಮೊದಲೇ ಮೂರು ತಿಂಗಳ ಮಾತ್ರೆ ಕೊಟ್ಟುಬಿಡಿ. ಎಷ್ಟು ಸರಳ! ಆದರೆ ಆ ಟ್ಯಾಬ್ 30 ದಿನಕ್ಕಿಂತ ಹೆಚ್ಚಿನ ಮಾತ್ರೆಯನ್ನು ದಾಖಲಿಸಲು ಬಿಡುತ್ತಿರಲಿಲ್ಲ. ಎಂಜಿನಿಯರ್ ಅದನ್ನು 90ಕ್ಕೆ ಬದಲಿಸಿದರು. ನೆಟ್‌ವರ್ಕ್ ಸಿಗುವುದು ಗುಡ್ಡದ ತಲೆಯಲ್ಲಿ ಮಾತ್ರ. ಆದ್ದರಿಂದ ಮನೆಯಲ್ಲಿ ಬರೆದುಕೊಂಡದ್ದು ಗುಡ್ಡ ಹತ್ತಿದಾಗ ತಾನಾಗಿ ಹೋಗುವಂತೆ ಮಾಡಿದರು. ಮೂರು ತಿಂಗಳ ಮಾತ್ರೆ ಮೇ ತಿಂಗಳಿನಲ್ಲಿ ಕೈಗೆ ಬರಬೇಕಾದರೆ ಬೇಡಿಕೆ ಏಪ್ರಿಲ್‌ನಲ್ಲೇ ಹೋಗಬೇಕು; ಆ ಲೆಕ್ಕವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧ ವಿತರಕರು ಹಾಕಿದರು. ಮುಂದಿನ ಮಳೆಗಾಲದಲ್ಲಿ ಅಜ್ಜಿಯ ಬಿಪಿ 130ರ ಆಸುಪಾಸಿನಲ್ಲಿತ್ತು. ಸಂಕ ಆ ವರ್ಷವೂ ಹೋಗಿತ್ತು.

ಅಂತರಶಿಸ್ತೀಯ ಸಂಶೋಧನೆ ಎಂದು ನಾವು ಕರೆಯುವುದು ಇದನ್ನೇ. ವೈದ್ಯರು, ಎಂಜಿನಿಯರು, ಸಮಾಜ ಬಲ್ಲವರು, ಲೆಕ್ಕ ಬಲ್ಲವರು ಬೇರೆ ಬೇರೆ ವರದಿ ಬರೆದು ಒಟ್ಟಿಗೆ ಹೊಲಿಯುವುದಲ್ಲ. ಒಂದೇ ದಾರಿಯಲ್ಲಿ ಒಟ್ಟಿಗೆ ನಡೆಯುವುದು.

ಮಂಗನ ಕಾಯಿಲೆಯ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಸಮಯ ಸಾಲದು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಈ ರೋಗ ನಮ್ಮ ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಹೊಸದಲ್ಲ. ಉಣುಗು ಎಂಬ ರಕ್ತ ಹೀರುವ ಸಣ್ಣ ಹುಳದಿಂದ ಹರಡುವ ಈ ರೋಗದ ಮೊದಲ ಸುಳಿವು ಎಷ್ಟೋ ಸಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಕಾಡಿನಲ್ಲಿ ಸತ್ತುಬಿದ್ದ ಮಂಗನಲ್ಲಿ ಸಿಗುತ್ತದೆ. ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೋದವರ ಕಣ್ಣಿಗೆ ಅದು ಬಿದ್ದರೆ ಸುದ್ದಿ ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಆರೋಗ್ಯ ಇಲಾಖೆಗೂ ಅದೇ ದಿನ ಮುಟ್ಟಬೇಕು. ಅಲ್ಲಿಯೂ ಅಷ್ಟೇ: ದಾರಿ ಮೊದಲು, ಯಂತ್ರ ಆಮೇಲೆ.

ಹೃದಯಾಘಾತದ್ದೂ ಹಾಗೆಯೇ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುತ್ತಾರೆ. ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತ. ಇಸಿಜಿ ಹೋಗಿಬರುವುದಕ್ಕೆ ನಿಮಿಷಗಳು ಸಾಕು. ಹೊತ್ತು ಹೋಗುವುದು ಮನೆಯಂಗಳದಿಂದ ಆಸ್ಪತ್ರೆಯ ಬಾಗಿಲಿನವರೆಗೆ.

ಆದ್ದರಿಂದ ನಿಮ್ಮಲ್ಲಿ ಎರಡು ಕೋರಿಕೆ. ಎದೆ ಬಿಗಿದು ಬೆವರು ಕಿತ್ತು ನೋವು ಕೈಗೋ ದವಡೆಗೋ ಹರಿದರೆ ಗ್ಯಾಸ್ಟ್ರಿಕ್ ಎಂದು ಕಷಾಯ ಕುಡಿದು ಕಾಯಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಇನ್ನೊಂದು: ಮನೆಯ ಹಿರಿಯರ ಆಭಾ ಸಂಖ್ಯೆಗೆ ಬೆಂಗಳೂರಿನಲ್ಲೋ ಗೋವಾದಲ್ಲೋ ಇರುವ ಮಗನ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ, ಮನೆಯಲ್ಲೇ ಇರುವವರ ಸಂಖ್ಯೆಗೆ ಬದಲಾಯಿಸಿಕೊಳ್ಳಿ. ಒಟಿಪಿ ಗೋವಾಕ್ಕೆ ಹೋದರೆ ಇಲ್ಲಿ ಕುಳಿತ ಅಜ್ಜಿಯ ದಾಖಲೆ ತೆರೆಯುವುದಿಲ್ಲ. ಹೇಗೆ ಬದಲಿಸುವುದೆಂದು ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ನಮಸ್ಕಾರ.