ಎಲ್ಲವೂ ಸರಿಯೆಂದರೆ ಅನ್ಯಾಯವೆಂದು ಯಾವುದನ್ನು ಕರೆಯೋಣ?
(ವಿರಾಜಪೇಟೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)

ಮಾನ್ಯ ಸಭಿಕರೇ,

"ಎಲ್ಲ ಧರ್ಮವೂ ಒಂದೇ, ಅವರವರಿಗೆ ಅವರವರದು ಸರಿ" ಎಂಬ ಮಾತು ಕೊಡಗಿನಲ್ಲಿ ಮದುವೆಯ ಊಟದ ಪಂಕ್ತಿಯಿಂದ ಹಿಡಿದು ಪಂಚಾಯಿತಿ ಸಭೆಯವರೆಗೆ ಕೇಳಿಬರುತ್ತದೆ. ಅದರ ಹಿಂದಿರುವ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಗೌರವವಿದೆ. ಆದರೆ ಅದರಲ್ಲಿ ಎರಡು ಬೇರೆ ಸಂಗತಿಗಳು ಗಂಟುಬಿದ್ದಿವೆ. ನೆರೆಯವರ ನಂಬಿಕೆಯನ್ನು ಗೌರವಿಸಬೇಕೆಂಬುದು ಒಂದು. ನಂಬಿಕೆ ಮತ್ತು ನೀತಿಯ ವಿಷಯದಲ್ಲಿ ನಿಜ-ಸುಳ್ಳುಗಳೇ ಇಲ್ಲವೆಂಬುದು ಇನ್ನೊಂದು, ಇದನ್ನೇ ಸಾಪೇಕ್ಷವಾದ ಎನ್ನುತ್ತಾರೆ. ಮೊದಲನೆಯದನ್ನು ಕಥೋಲಿಕ ಧರ್ಮಸಭೆ ಬೋಧಿಸುತ್ತದೆ, ಎರಡನೆಯದನ್ನು ಒಪ್ಪುವುದಿಲ್ಲ. ಈ ಗಂಟನ್ನು ಬಿಡಿಸುವುದಷ್ಟೇ ಇಂದು ನನ್ನ ಕೆಲಸ.

ಗೌರವಕ್ಕೆ ಸಾಪೇಕ್ಷವಾದ ಬೇಕಾಗಿಲ್ಲವೆಂಬುದಕ್ಕೆ ಈ ಊರಿನ ಚರಿತ್ರೆಯೇ ಸಾಕ್ಷಿ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕೊಂಕಣಿ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು. ಆ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ಆಶ್ರಯ ನೀಡಿದನು. ಇಲ್ಲಿನ ಸಂತ ಅನ್ನಮ್ಮ ದೇವಾಲಯದ ಮೂಲ 1792ಕ್ಕೆ ಹೋಗುವುದು ಹಾಗೆ. ಹಾಲೇರಿ ವಂಶದ ಆ ಲಿಂಗಾಯತ ಅರಸನು ತನ್ನ ಇಷ್ಟಲಿಂಗವೂ ಇವರ ಶಿಲುಬೆಯೂ ಒಂದೇ ಎಂದು ತೀರ್ಮಾನಿಸಿದ ಮೇಲೆ ನೆಲೆ ಕೊಟ್ಟನೆಂದು ಭಾವಿಸಲು ನನಗೆ ಕಾರಣ ಕಾಣುವುದಿಲ್ಲ. ದಿಕ್ಕಿಲ್ಲದೆ ಬಂದವರಿಗೆ ನೆಲೆ ಕೊಡುವುದು ಸರಿಯೆಂದು ಕೊಟ್ಟಿರಬೇಕು. ಅದೇ ಅರಸನು ಕೊನೆಗಾಲದಲ್ಲಿ ಬುದ್ಧಿ ಕದಡಿ ಹರಿಸಿದ ರಕ್ತದ ಕಥೆಯೂ ಚರಿತ್ರೆ ಓದಿದವರಿಗೆ ಗೊತ್ತಿದೆ. ಆಶ್ರಯ ಕೊಟ್ಟದ್ದನ್ನು ಸರಿ, ರಕ್ತ ಹರಿಸಿದ್ದನ್ನು ತಪ್ಪು ಎನ್ನಲು ಅರಸನ ಇಷ್ಟಕ್ಕಿಂತ ಹೊರಗಿನ ಅಳತೆಯೊಂದು ನಮಗೆ ಬೇಕಾಗುತ್ತದೆ.

ಐನ್‌ಮನೆಯ, ಅಂದರೆ ಕುಲದ ಹಿರಿಮನೆಯ, ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ಕೊಡವ ಕುಟುಂಬದವರು ದೀಪ ಹಚ್ಚಿ ಕುಲದ ಮೂಲಪುರುಷನಾದ ಗುರುಕಾರಣನನ್ನು ನೆನೆಯುತ್ತಾರೆ. ಸತ್ತವರ ಸ್ಮರಣೆಯ ದಿನವಾದ ನವೆಂಬರ್ 2ರಂದು ಕಥೋಲಿಕರಾದ ನಾವು ಸ್ಮಶಾನಕ್ಕೆ ಹೋಗಿ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ. ಆದರೆ ಕೊಡವರು ಹಿರಿಯರ ಆಶೀರ್ವಾದವನ್ನು ಬೇಡುತ್ತಾರೆ. ಅಂದು ನಾವು ಸತ್ತವರಿಗಾಗಿ ದೇವರಲ್ಲಿ ಬೇಡುತ್ತೇವೆ, ಏಕೆಂದರೆ ಅವರಿಗೂ ದೇವರ ಕ್ಷಮೆ ಬೇಕೆಂಬುದು ನಮ್ಮ ವಿಶ್ವಾಸ. ಎರಡನ್ನೂ ಒಂದೇ ಎಂದುಬಿಟ್ಟರೆ ಇಬ್ಬರ ಮಾತನ್ನೂ ಕೇಳಿಸಿಕೊಳ್ಳದ ಹಾಗಾಗುತ್ತದೆ. ಕಥೋಲಿಕ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್ 28ರಂದು ಹೊರಡಿಸಿದ ಘೋಷಣೆಯು ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಹೇಳಿತು. ಅದೇ ಉಸಿರಿನಲ್ಲಿ, ಮಾರ್ಗವೂ ಸತ್ಯವೂ ಜೀವವೂ ಆದ ಕ್ರಿಸ್ತನನ್ನು ಸಾರುವುದನ್ನು ತಾನು ಬಿಡಲಾರೆನೆಂದೂ ಹೇಳಿತು. ಮೊದಲ ಭಾಗವನ್ನಷ್ಟೇ ಉದ್ಧರಿಸುವವರೂ ಎರಡನೆಯದನ್ನಷ್ಟೇ ಉದ್ಧರಿಸುವವರೂ ನಮ್ಮಲ್ಲಿ ಧಾರಾಳವಾಗಿದ್ದಾರೆ. ಅದೇ ವರ್ಷ ಡಿಸೆಂಬರ್ 7ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಂತೆ, ಸತ್ಯವು ತನ್ನ ಸತ್ಯದ ಬಲದಿಂದಲ್ಲದೆ ಬೇರೆ ಯಾವ ಬಲದಿಂದಲೂ ಮನಸ್ಸನ್ನು ಗೆಲ್ಲಕೂಡದು. ಅಂದರೆ ಒತ್ತಾಯ ಸಲ್ಲದೆನ್ನುವುದು ಸತ್ಯ ಇಲ್ಲವೆಂಬ ಕಾರಣಕ್ಕಲ್ಲ, ಮನುಷ್ಯನ ಘನತೆಯೇ ಒಂದು ಸತ್ಯವೆಂಬ ಕಾರಣಕ್ಕೆ.

ಇನ್ನು ನೀತಿಯ ವಿಷಯ. ಸರಿ-ತಪ್ಪುಗಳು ಆಯಾ ಸಮಾಜದ ಒಪ್ಪಂದಗಳೆಂದು ವಾದಿಸುವವರಿಗೆ ಈ ಜಿಲ್ಲೆಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯೊಂದಿದೆ. ಇಲ್ಲಿನ ಆದಿವಾಸಿಗಳಾದ ಯರವ ಕುಟುಂಬಗಳು ತಲೆಮಾರುಗಟ್ಟಲೆ ಜೀತಕ್ಕೆ ಕಟ್ಟುಬಿದ್ದಿದ್ದುದನ್ನು ಅಂದಿನ ಸಮಾಜ ಒಪ್ಪಿತ್ತು. ಹಾಗಾದರೆ 1976ರ ಜೀತ ನಿರ್ಮೂಲನಾ ಕಾಯ್ದೆ ಬರುವ ಹಿಂದಿನ ದಿನದವರೆಗೆ ಅದು ಸರಿಯಾಗಿತ್ತೇ? ಅಲ್ಲವೆನ್ನುವುದಾದರೆ, ಸಮಾಜದ ಒಪ್ಪಂದವನ್ನೇ ತೂಗುವ ನೀತಿಯೊಂದಿದೆ ಎಂದು ಒಪ್ಪಿದಂತಾಯಿತು. ಹೌದೆನ್ನುವ ಧೈರ್ಯ ಯಾರಿಗಿದೆಯೋ ನಾನರಿಯೆ. ಸಾಪೇಕ್ಷವಾದವು ಬಲಹೀನರ ಪರವೆಂದು ಕಾಲೇಜಿನಲ್ಲಿ ಕಲಿಸುವುದುಂಟು, ಆದರೆ ಅದು ಅವರ ಕೈಯಲ್ಲಿರುವ ಒಂದೇ ಒಂದು ಮೇಲ್ಮನವಿಯನ್ನೂ ಕಿತ್ತುಕೊಳ್ಳುತ್ತದೆ.

"ನಿಮ್ಮವರು ಮಾಡಿದ್ದೇನು?" ಎಂದು ನೀವು ಕೇಳಬಹುದು, ಕೇಳಲೂಬೇಕು. 1452ರಲ್ಲಿ ಐದನೆಯ ನಿಕೊಲಾಸ್ ಪೋಪರು ಪೋರ್ಚುಗಲ್ಲಿನ ದೊರೆಗೆ ಅನ್ಯಮತೀಯರನ್ನು ಗುಲಾಮರನ್ನಾಗಿಸುವ ಅನುಮತಿ ಕೊಟ್ಟರು. ಗುಲಾಮರ ವ್ಯಾಪಾರವನ್ನು ಹದಿನಾರನೆಯ ಗ್ರೆಗೊರಿ ಪೋಪರು ಖಂಡಿಸಿದ್ದು 1839ರಲ್ಲಿ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಕ್ರಿಸ್ತನ ಬೋಧೆಯ ಅಳತೆಗೆ ಹಿಡಿದೇ ನಾವು ಅದನ್ನು ಪಾಪವೆನ್ನುತ್ತೇವೆ. ಸಾಪೇಕ್ಷವಾದಿಯಾದರೋ 'ಆ ಕಾಲಕ್ಕೆ ಅದು ಸರಿ' ಎನ್ನಬೇಕಾದೀತು.

ಸಂತ ಯೊವಾನ್ನನ ಶುಭಸಂದೇಶದಲ್ಲಿ "ಸತ್ಯ ಎಂದರೇನು?" ಎಂದು ಯೇಸುವನ್ನು ಕೇಳಿದ ಪಿಲಾತನು, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಕಾರಿ, ಉತ್ತರಕ್ಕೆ ಕಾಯದೆ ಹೊರಗೆ ಹೋದನು. ಇವನಲ್ಲಿ ನನಗೆ ಯಾವ ಅಪರಾಧವೂ ಕಾಣುವುದಿಲ್ಲವೆಂದು ಅವನೇ ಹೇಳಿದ್ದನು. ಹೀಗಿದ್ದೂ ತೀರ್ಪನ್ನು ಕೊಟ್ಟದ್ದು ಅಲ್ಲಿ ನೆರೆದಿದ್ದ ಗದ್ದಲ. 2005ರ ಏಪ್ರಿಲ್ 18ರಂದು, ಮರುದಿನ ಪೋಪರಾಗಿ ಆಯ್ಕೆಯಾಗಲಿದ್ದ ಕಾರ್ಡಿನಲ್ ರಾಟ್ಸಿಂಗರ್ 'ಸಾಪೇಕ್ಷವಾದದ ಸರ್ವಾಧಿಕಾರ'ದ ಬಗ್ಗೆ ಎಚ್ಚರಿಸಿದಾಗ ಆ ಮಾತು ಹಲವರಿಗೆ ಅತಿಯೆನಿಸಿತು. ಪಿಲಾತನ ಅಂಗಳವನ್ನು ನೆನೆದರೆ ನನಗೆ ಹಾಗೆನಿಸುವುದಿಲ್ಲ.

ಮನಸ್ಸಾಕ್ಷಿಯ ಮಾತೇನು? ಮೊದಲು ಹೇಳಿದ ಡಿಸೆಂಬರ್ 7ರಂದೇ ಹೊರಬಂದ, ಅದೇ ಮಹಾಸಭೆಯ ಇನ್ನೊಂದು ದಾಖಲೆಯ ಪ್ರಕಾರ, ಮನುಷ್ಯನು ತನ್ನ ಮನಸ್ಸಾಕ್ಷಿಯ ಆಳದಲ್ಲಿ ತಾನೇ ವಿಧಿಸಿಕೊಳ್ಳದ, ಆದರೆ ತಾನು ಪಾಲಿಸಬೇಕಾದ ನಿಯಮವೊಂದನ್ನು ಕಾಣುತ್ತಾನೆ. ಮನಸ್ಸಾಕ್ಷಿ ಆ ನಿಯಮವನ್ನು ಓದುತ್ತದೆ, ಬರೆಯುವುದಿಲ್ಲ, ತಪ್ಪಾಗಿಯೂ ಓದಬಹುದು. ತಪ್ಪಿದ ಮನಸ್ಸಾಕ್ಷಿಯನ್ನೂ ಅನುಸರಿಸಲೇಬೇಕು, ಆದರೆ ತಿಳಿದುಕೊಳ್ಳಬಹುದಾದದ್ದನ್ನು ತಿಳಿಯದೆ ಉಳಿದದ್ದರ ಹೊಣೆ ತಪ್ಪದು ಎಂಬುದು ಮಧ್ಯಯುಗದ ಧರ್ಮಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರ ನಿಲುವು.

ಇದು ತೋಟದಲ್ಲಿ ಹೇಗೆ ಕಾಣುತ್ತದೆಂದು ನೋಡೋಣ. ಕಾಫಿ ಕೊಯ್ಲಿನ ಸಂಜೆ ಹಣ್ಣಿನ ಚೀಲಗಳು ತಕ್ಕಡಿಗೆ ಬರುತ್ತವೆ, ಕೂಲಿ ಕೆ.ಜಿ. ಲೆಕ್ಕದಲ್ಲಿ. ತೋಟದ ಲೆಕ್ಕ ಬರೆಯುವ ಒಬ್ಬ ರೈಟರು ಎಲೆ, ಕಡ್ಡಿ, ತೇವದ ನೆಪದಲ್ಲಿ ಚೀಲಕ್ಕೆ ಎರಡು ಕೆ.ಜಿ. ಕಡಿಮೆ ಬರೆದು, ಉಳಿದ ಹಣವನ್ನು ತಾನಿಟ್ಟುಕೊಳ್ಳುತ್ತಾನೆಂದು ಇಟ್ಟುಕೊಳ್ಳೋಣ. ಎಲ್ಲ ಕಡೆಯೂ ಇದು ಮಾಮೂಲು ಎನ್ನುತ್ತಾನೆ, ಅವನ ನಿದ್ದೆಗೇನೂ ಭಂಗವಿಲ್ಲ. ಅವನು ಪಾಪನಿವೇದನೆಗೆ ಬಂದು ಇದನ್ನು ಹೇಳಿದರೆ, ನಿನ್ನ ಮನಸ್ಸಿಗೆ ಸರಿ ಕಂಡರೆ ಸರಿ ಎನ್ನುವ ಅಧಿಕಾರ ಗುರುಗಳಿಗಿಲ್ಲ. ಕೂಲಿಯವರು ಯಾವ ಧರ್ಮದವರೆಂಬುದೂ ಲೆಕ್ಕಕ್ಕೆ ಬರುವುದಿಲ್ಲ. ಪಶ್ಚಾತ್ತಾಪದ ಜೊತೆಗೆ, ತೆಗೆದುಕೊಂಡದ್ದನ್ನು ಕೂಲಿಯವರಿಗೇ ಹಿಂದಿರುಗಿಸಬೇಕೆಂದು ಗುರುಗಳು ಹೇಳಲೇಬೇಕು. ಕೊಯ್ಲು ಮುಗಿಸಿ ಅಸ್ಸಾಮಿಗೆ ಮರಳಿದವರ ಪತ್ತೆಯೇ ಇಲ್ಲವೆಂದಾದರೆ ಆ ಹಣ ಬಡವರಿಗೆ ಹೋಗಬೇಕು. ರೈಟರ ಜೇಬಿನಲ್ಲಂತೂ ಉಳಿಯುವಂತಿಲ್ಲ.